ಸ್ವಿಚ್ ಬಿಸಾಡಬೇಡಿ, ಬಿಚ್ಚಿ

ಎಲ್ಲರಿಗೂ ನಮಸ್ಕಾರ. ಇವತ್ತು ಹಳೇ ಬೈಕಿನ ಹ್ಯಾಂಡಲ್ ಸ್ವಿಚ್ ಬಗ್ಗೆ ಮಾತಾಡಲು ಸ್ವಲ್ಪ ಸಿಟ್ಟಿನಲ್ಲೇ ಮೈಕ್ ಆನ್ ಮಾಡಿದ್ದೇನೆ. ಯಾಕೆ ಅಂತ ಹೇಳ್ತೇನೆ.

ಹೋದ ವಾರ ಪಕ್ಕದ ತೋಟದ ಮಾವ ತಮ್ಮ ಯೆಜ್ಡಿ ಬೈಕ್ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಗಾಡಿ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ನೋಡಿದವರಿಗೆ ಗೊತ್ತಿರುತ್ತದೆ. ಆ ಫ್ಯಾಕ್ಟರಿ ಮುಚ್ಚಿದ್ದೇ 1996ರಲ್ಲಿ. "ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿಣುಕ್ತದೆ, ಏನು ನೋಡು ಮಾರಾಯ" ಅಂದರು.

ಹೆಡ್‌ಲೈಟ್ ಡೂಮ್ ಬಿಚ್ಚಿದೆ. ಒಳಗಡೆ ಕಪ್ಪು ಟೇಪಿನ ದೊಡ್ಡ ಉಂಡೆ. ಕಂಪನಿ ವೈರನ್ನೆಲ್ಲ ಕತ್ತರಿಸಿ, ಬಣ್ಣಕ್ಕೆ ಬಣ್ಣ ಹೊಂದಿಸದೆ ಸುಮ್ನೆ ತಿರುಚಿ ಟೇಪ್ ಸುತ್ತಿದ್ದಾರೆ. ಹ್ಯಾಂಡಲ್ ಮೇಲೆ ಯಾವುದೋ ಬೇರೆ ಗಾಡಿಯ ಡೂಪ್ಲಿಕೇಟ್ ಸ್ವಿಚ್. ಮಾವ ಗ್ಯಾರೇಜಿಗೆ ಹೋಗಿದ್ದು ಹಾರ್ನ್ ಹೊಡೀತಿಲ್ಲ ಅಂತ ಮಾತ್ರ. "ಹಳೇ ಸ್ವಿಚ್ ಎಲ್ಲಿ ಮಾವ?" ಅಂದೆ. "ಗುಜರಿಗೆ ಹಾಕ್ತೇವೆ ಅಂತ ಅವರೇ ಇಟ್ಕೊಂಡರು."

ನನಗೆ ಹೊಟ್ಟೆ ಉರಿದುಹೋಯಿತು. ಎಷ್ಟೋ ಹಳೇ ಗಾಡಿಗಳಲ್ಲಿ ಹಾರ್ನ್ ಬಟನ್ ಮಾಡುವ ಕೆಲಸ ಒಂದೇ, ಹಾರ್ನಿನಿಂದ ಬಂದ ವೈರನ್ನು ಹ್ಯಾಂಡಲ್ ಮೂಲಕ ಅರ್ತ್ ಮಾಡುವುದು, ಅಂದರೆ ಗಾಡಿಯ ಲೋಹದ ಮೈಗೆ ಮುಟ್ಟಿಸುವುದು. ಬಟನ್ ಕೆಳಗೆ ಒಂದು ಪತ್ತಿ, ಒಂದು ಸ್ಪ್ರಿಂಗ್, ಅಷ್ಟೇ. ಅಲ್ಲಿ ತುಕ್ಕು ಹಿಡಿದರೆ ಹಾರ್ನ್ ಸುಮ್ಮನಾಗುತ್ತದೆ. ಉಜ್ಜಿದರೆ ಕೂಗುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಇಡೀ ವೈರಿಂಗ್ ಕತ್ತರಿಸೋದಾ?

ಆದ್ದರಿಂದ ಇವತ್ತಿನ ಮಾತು ಇಷ್ಟೇ. ಹಳೇ ಗಾಡಿಯ ಸ್ವಿಚ್ ಕೆಟ್ಟರೆ ಬಿಸಾಡಬೇಡಿ, ಬಿಚ್ಚಿ.

ಬಿಚ್ಚಿದರೆ ಏನು ಕಾಣುತ್ತದೆ ಅಂತ ಹೇಳ್ತೇನೆ. ನನ್ನದು ಯಮಹಾ ಆರ್‌ಎಕ್ಸ್ 100 ಬೈಕ್. ಮೊದಲು ಬ್ಯಾಟರಿ ವೈರ್ ತೆಗೆದೆ. ಆಮೇಲೆ ಹ್ಯಾಂಡಲ್ ಕೆಳಗಿನ ಎರಡು ಸ್ಟಾರ್ ಸ್ಕ್ರೂ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಒತ್ತಿ ಹಿಡಿದು ತಿರುಗಿಸಬೇಕು, ಇಲ್ಲದಿದ್ದರೆ ತಲೆ ಸವೆದುಹೋಗುತ್ತದೆ. ಸ್ವಿಚ್ ಎರಡು ಹೋಳಾಯಿತು. ಒಳಗಿನ ಗ್ರೀಸ್ ಹಳೇ ಬೆಲ್ಲದ ಹಾಗೆ ಗಟ್ಟಿ. ಹಿತ್ತಾಳೆ ಪಾಯಿಂಟಿನ ಮೇಲೆಲ್ಲ ಹಸಿರು ಕಿಲುಬು, ಅಜ್ಜಿ ಮನೆಯ ಹುಣಸೆಹಣ್ಣು ಕಾಣದ ಚೊಂಬಿನ ಹಾಗೆ. ಮತ್ತೆ ಒಂದು ಎಚ್ಚರಿಕೆ. ಹೆಡ್‌ಲೈಟಿನ ಬೆಳಕು ಮೇಲೆ ಕೆಳಗೆ ಮಾಡುವ ಡಿಮ್ ಡಿಪ್ ಸ್ವಿಚ್ಚಿನ ಗುಬುಟಿಯ ಕೆಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು ಇರುತ್ತದೆ, ಅದರ ಹಿಂದೆ ಸ್ಪ್ರಿಂಗ್. ಟಕ್ ಅಂತ ಸದ್ದು ಬರೋದು ಅದರಿಂದಲೇ. ಅದು ಹಾರಿದರೆ ಕಾಫಿ ಕಣದಲ್ಲಿ ಹುಡುಕಿದರೂ ಸಿಗಲ್ಲ. ಕೈ ಎರಡನ್ನೂ ಒಂದು ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ ಬಿಚ್ಚಿ.

ಹಳೇ ಟೂತ್ ಬ್ರಷ್, ಸ್ವಲ್ಪ ಪೆಟ್ರೋಲ್, ನಯವಾದ ಎಮರಿ ಪೇಪರ್. ಹಿತ್ತಾಳೆ ಹೊಳೆಯುವ ತನಕ ಉಜ್ಜಿ, ಒಣಗಿಸಿ, ತೆಳ್ಳಗೆ ವ್ಯಾಸಲಿನ್ ಸವರಿದೆ. ಒಂದು ವೈರ್ ಬುಡದಲ್ಲೇ ಕಿತ್ತಿತ್ತು, ಬೆಸುಗೆ ಹಾಕಿದೆ. ಮಲ್ಟಿಮೀಟರ್ ಇಟ್ಟರೆ ಪೀಂ ಅಂತು, ಅಂದರೆ ಕರೆಂಟ್ ಸರಿಯಾಗಿ ದಾಟ್ತಾ ಇದೆ. ಮುಗೀತು.



"ಬಲ್ಬ್ ಮಂಕಾದರೆ ಎಲ್ಇಡಿ ಹಾಕಿಸಿ" ಅಂತ ಸಲಹೆ ಕೊಡುವವರು ಇದ್ದಾರೆ. ಸ್ವಾಮಿ, 12 ವೋಲ್ಟಿನ 35 ವ್ಯಾಟ್ ಬಲ್ಬಿಗೆ ಹತ್ತಿರ ಹತ್ತಿರ 3 ಆಂಪಿಯರ್ ಬೇಕು. ಸ್ವಿಚ್ಚಿನೊಳಗೆ ಕಿಲುಬಿನಿಂದ 1 ಓಮ್ ತಡೆ ಬಂದರೂ 2 ವೋಲ್ಟಿಗಿಂತ ಜಾಸ್ತಿ ಅಲ್ಲೇ ಹೋಗುತ್ತದೆ, ಹೋಗಿದ್ದು ಬಿಸಿಯಾಗಿ ಸ್ವಿಚ್ಚಿನ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ರೋಗ ಸ್ವಿಚ್ಚಿನಲ್ಲಿದೆ, ನೀವು ಬಲ್ಬಿಗೆ ಮದ್ದು ಕೊಡ್ತಿದ್ದೀರಿ. 2017ರ ಏಪ್ರಿಲ್ ನಂತರದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ತಾನಾಗಿ ಉರೀತಾ ಇರಬೇಕು ಅಂತ ಕಾನೂನೇ ಬಂತು, ಅವುಗಳಲ್ಲಿ ಆನ್ ಆಫ್ ಸ್ವಿಚ್ಚೇ ಇಲ್ಲ. ನಮ್ಮ ಹಳೇ ಗಾಡಿಗಳಲ್ಲಿ ಇದೆ. ಅಂದರೆ ಕಿಲುಬು ಹಿಡಿಯಲು ಒಂದು ಜಾಗ ಜಾಸ್ತಿ. ಬಿಸಾಡಬೇಡಿ, ಬಿಚ್ಚಿ.

"ಹೊರಗಿಂದ ಸ್ಪ್ರೇ ಹೊಡೆದರೆ ಸಾಕಲ್ವಾ?" ಸಾಕಾಗಲ್ಲ. ಅಂಗಿ ಹಾಕಿಕೊಂಡು ಸ್ನಾನ ಮಾಡಿದ ಹಾಗೆ ಅದು. ಎರಡು ದಿನ ಸರಿ ಅನಿಸುತ್ತದೆ, ಆಮೇಲೆ ಕೊಳೆ ಇನ್ನೂ ಒಳಗೆ ಹೋಗಿ ಕೂರುತ್ತದೆ.

"ಐನೂರು ರೂಪಾಯಿಗೆ ಹೊಸದು ಸಿಗುತ್ತೆ, ಯಾಕೆ ಕಷ್ಟ?" ಅಂತ ಕೇಳುವವರಿಗೆ ಒಂದು ರಾತ್ರಿಯ ಕತೆ ಹೇಳ್ತೇನೆ. ನಾನೂ ಒಮ್ಮೆ ಹೊಸದು ಹಾಕಿದ್ದೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ, ಭಾಗಮಂಡಲದಿಂದ ಮಡಿಕೇರಿಗೆ ಬರ್ತಾ ಇದ್ದೆ. ಚೇರಂಬಾಣೆ ದಾಟಿದ ಮೇಲೆ ಮಂಜು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಂತ ಹಾಗೆ ಆಗುತ್ತದೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಡಿಮ್ ಮಾಡಲು ಒತ್ತಿದೆ. ಆ ಹೊಸ ಸ್ವಿಚ್ ಮಧ್ಯದಲ್ಲಿ ಸಿಕ್ಕಿಕೊಂಡಿತು. ಹೈ ಇಲ್ಲ, ಡಿಮ್ ಇಲ್ಲ. ತಿರುವಿನ ನಡುವೆ ಕಗ್ಗತ್ತಲು. ಎದುರಿಗೆ ಜೀಪು ಬರುವ ಸದ್ದು ಮಾತ್ರ ಕೇಳ್ತಾ ಇದೆ. ರಸ್ತೆ ಬದಿಯ ಚರಂಡಿಗೆ ಕಾಲು ಕೊಟ್ಟು ಹೇಗೋ ನಿಂತೆ. ನಾಲ್ಕು ತಿಂಗಳೂ ಆಗಿರಲಿಲ್ಲ ಆ ಸ್ವಿಚ್ಚಿಗೆ! ಮನೆಗೆ ಬಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೇದನ್ನು ತೆಗೆದು, ನಾನು ಆಗಲೇ ಹೇಳಿದ ಹಾಗೆ ತೊಳೆದು ಹಾಕಿದೆ. ಇವತ್ತಿಗೂ ಅದೇ ಇದೆ. ಟಕ್ ಅಂತ ಬೀಳುತ್ತದೆ. ಐನೂರು ರೂಪಾಯಿಯಂತೆ!

"ಟೈಮ್ ಇಲ್ಲ" ಅಂತೀರಾ? ಮಳೆಗಾಲದಲ್ಲಿ ಕರೆಂಟ್ ಹೋಗಿ ದಿನಗಟ್ಟಲೆ ಒಲೆ ಮುಂದೆ ಕೂತಿರ್ತೇವಲ್ಲ, ಅದು ಟೈಮ್ ಅಲ್ವಾ? ಬಿಚ್ಚಿ. "ನಮಗೆ ಬರಲ್ಲ." ಬಿಚ್ಚದೆ ಹೇಗೆ ಬರುತ್ತದೆ? ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೀರಿ, ಜೋಡಿಸುವಾಗ ನೋಡಿಕೊಳ್ಳಿ. ಏನಾದರೂ ಮಾಡಿ, ಆ ವೈರಿಗೆ ಮಾತ್ರ ಕಟಿಂಗ್ ಪ್ಲೇಯರ್ ಹಾಕಲು ಬಿಡಬೇಡಿ. ಗ್ಯಾರೇಜಿಗೆ ಕೊಟ್ಟರೂ ಪಕ್ಕದಲ್ಲೇ ನಿಂತ್ಕೊಳ್ಳಿ. ಹಳೇ ಸಾಮಾನು ಕೇಳಿ ತಗೊಳ್ಳಿ, ಅದು ನಿಮ್ಮದು!

ಮಾವನ ಯೆಜ್ಡಿ ಈಗಲೂ ನಮ್ಮ ಶೆಡ್ಡಿನಲ್ಲೇ ಇದೆ. ವೈರಿಂಗ್ ಒಂದೊಂದಾಗಿ ಬಿಡಿಸಿ ಬೆಸುಗೆ ಹಾಕಿದ್ದೇನೆ. ಸ್ವಿಚ್ ಒಂದು ಬೇಕು. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಯಾರ ಮನೆಯ ಅಟ್ಟದಲ್ಲಾದರೂ ರೋಡ್‌ಕಿಂಗಿನ ಎಡಗೈ ಸ್ವಿಚ್ ಬಿದ್ದಿದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೇನೆ. ಕಿಲುಬು ಹಿಡಿದಿದ್ದರೂ ಪರವಾಗಿಲ್ಲ, ಒಡೆದಿದ್ದರೂ ಪರವಾಗಿಲ್ಲ. ಅದೊಂದನ್ನು ಮಾತ್ರ ನೀವು ಬಿಚ್ಚಬೇಡಿ, ಗುಂಡು ಕಳೆದುಹೋಗುತ್ತದೆ. ಹಾಗೇ ಕೊಡಿ.