ಬಜರ್ ಒಂದಿದ್ದರೆ ಸಾಲದು

ಕೇಳುಗರೇ, ನಮಸ್ಕಾರ.

ಕಣ್ಣು ಕಾಣದವರು ರಸ್ತೆ ದಾಟಲು ಸಿಗ್ನಲ್ ಕಂಬಕ್ಕೊಂದು ಬಜರ್ ಹಾಕಿದರೆ ಆಯಿತು ಎಂದುಕೊಳ್ಳುವವರೇ ಹೆಚ್ಚು. ಬಜರ್ ಹೇಳುವುದು ಯಾವಾಗ ಹೊರಡಬೇಕು ಎಂಬುದನ್ನು ಮಾತ್ರ. ಫುಟ್‌ಪಾತ್ ಎಲ್ಲಿ ಮುಗಿಯಿತು, ದಾಟಲು ಒತ್ತುವ ಗುಂಡಿ ಎಲ್ಲಿದೆ, ಯಾವ ದಿಕ್ಕಿಗೆ ನಡೆಯಬೇಕು? ಇದನ್ನೂ ಯಾರಾದರೂ ಹೇಳಬೇಕಲ್ಲ.

ಫುಟ್‌ಪಾತಿನ ಅಂಚನ್ನೇ ನೋಡಿ. ಗಾಲಿಕುರ್ಚಿ ಇಳಿಯಲೆಂದು ಅಲ್ಲಿ ಇಳಿಜಾರು ಮಾಡುತ್ತಾರೆ, ಮಾಡಲೇಬೇಕು. ಆದರೆ ಬಿಳಿ ಕೋಲಿಗೆ ತಾಗುತ್ತಿದ್ದ ಕಲ್ಲಿನಂಚು ಅಲ್ಲಿಗೆ ಮಾಯವಾಗುತ್ತದೆ, ರಸ್ತೆ ಶುರುವಾದದ್ದೇ ತಿಳಿಯುವುದಿಲ್ಲ. ಆ ಕೊರತೆ ತುಂಬುವುದು ಉಬ್ಬು ಟೈಲ್ಸ್. ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದ ಇವನ್ನು 1967ರ ಮಾರ್ಚ್‌ನಲ್ಲಿ ಒಕಯಾಮ ನಗರದ ಅಂಧರ ಶಾಲೆಯ ಹತ್ತಿರ ಮೊದಲ ಸಲ ಹಾಸಿದರು. ಉದ್ದ ಪಟ್ಟಿಯಿದ್ದರೆ ಮುಂದೆ ನಡೆಯಿರಿ, ದುಂಡು ಉಬ್ಬಿದ್ದರೆ ನಿಲ್ಲಿ. 300 ಮಿಲಿಮೀಟರಿನ ದುಂಡುಬ್ಬಿನ ಟೈಲ್ಸ್ ಒಂದೇ ಸಾಲು ಹಾಕಿದರೆ ಹೆಜ್ಜೆ ಅದನ್ನು ದಾಟಿಬಿಡಬಹುದು, ಎರಡು ಸಾಲಾದರೂ ಬೇಕು. ನಮ್ಮೂರುಗಳಲ್ಲಿ ಪಟ್ಟಿ ಟೈಲ್ಸನ್ನೇ ಅಂಚಿನವರೆಗೂ ಎಳೆದುಬಿಡುವುದುಂಟು. ನಂಬಿ ನಡೆದವರು ನೇರ ವಾಹನಗಳ ಮಧ್ಯಕ್ಕೆ! ಬಣ್ಣ ಹಳದಿಯಾಗಿದ್ದರೆ ಕೆಲಸ ಮುಗಿಯಿತೆಂದು ಭಾವಿಸುವ ಗುತ್ತಿಗೆದಾರರಿಗೆ ಏನು ಹೇಳೋಣ?

ಇನ್ನು ಒತ್ತುವ ಗುಂಡಿ. ಅಮೆರಿಕದ ನಿಯಮದಂತೆ ಗುಂಡಿಯ ಪೆಟ್ಟಿಗೆ ಸೆಕೆಂಡಿಗೊಮ್ಮೆ ಮೆಲ್ಲಗೆ ಟಿಕ್ ಎನ್ನುತ್ತಿರಬೇಕು. ಆರರಿಂದ ಹನ್ನೆರಡು ಅಡಿ ದೂರಕ್ಕೆ ಕೇಳಿಸಿದರೆ ಸಾಕು. ಅದರ ಮೇಲೆ ಬೆರಳಿಗೆ ಸಿಗುವ ಬಾಣವಿರುತ್ತದೆ. ಬಾಣ ತೋರಿಸಿದ್ದೇ ದಾಟುವ ದಿಕ್ಕು, ಹಸಿರು ಬಂದಾಗ ಅದು ನಡುಗುತ್ತದೆ. ಮೂಲೆಯೊಂದರಲ್ಲಿ ಎರಡು ರಸ್ತೆಗಳ ಗುಂಡಿಗಳಿದ್ದರೆ ಅವುಗಳ ನಡುವೆ ಹತ್ತು ಅಡಿ ಅಂತರವಿರಬೇಕು. ಎರಡನ್ನೂ ಒಂದೇ ಕಂಬಕ್ಕೆ ಹಾಕಿ ಒಂದೇ ಬಗೆಯ ಸದ್ದು ಕೊಟ್ಟರೆ, ಯಾವ ರಸ್ತೆಗೆ ಹಸಿರು ಬಂತೆಂದು ಗೊತ್ತಾಗದೆ ಜನ ತಪ್ಪು ಕಡೆಗೆ ಇಳಿಯುತ್ತಾರೆ.

ಬ್ರಿಟನ್ನಿನಲ್ಲಿ ಸದ್ದೇ ಇಲ್ಲದ ಉಪಾಯವೂ ಇದೆ. ಪೆಟ್ಟಿಗೆಯ ತಳದಲ್ಲಿ ಗೀರುಗೀರಾದ ಪುಟ್ಟ ಶಂಕು. ಹಸಿರಾದಾಗ ಅದು ಬೆರಳ ತುದಿಯಲ್ಲಿ ತಿರುಗುತ್ತದೆ. ನಡುವೆ ದ್ವೀಪವಿದ್ದು ಎರಡು ಹಂತದಲ್ಲಿ ದಾಟಬೇಕಾದ ಕಡೆ ಒಂದು ಹಂತದ ಸದ್ದನ್ನು ಇನ್ನೊಂದರದೆಂದು ತಿಳಿಯುವ ಅಪಾಯವಿದೆ, ಅಲ್ಲಿ ಸದ್ದಿಗಿಂತ ಶಂಕೇ ವಾಸಿ. ಕಿವಿ ಕೇಳಿಸದವರಿಗೂ ಶಂಕು ನೆರವಾಗುತ್ತದೆ. ನನ್ನ ಮಟ್ಟಿಗೆ ಇದರಷ್ಟು ಜಾಣ ಭಾಗ ಇನ್ನೊಂದಿಲ್ಲ.

ಜಪಾನಿನಲ್ಲಿ ಎರಡೂ ತುದಿಗಳ ಸ್ಪೀಕರುಗಳು ಹಕ್ಕಿಯ ದನಿಯಲ್ಲಿ ಸರದಿಯಂತೆ ಕೂಗುತ್ತವೆ. ಎದುರಿನ ದನಿ ಹಿಡಿದು ನಡೆದರೆ ದಾರಿ ಓರೆಯಾಗುವುದಿಲ್ಲ. ತೊಂದರೆಯೆಂದರೆ, ಸುತ್ತಲಿನ ಮನೆಯವರ ನಿದ್ದೆಗಾಗಿ ರಾತ್ರಿ ಅದನ್ನು ನಿಲ್ಲಿಸುವುದು. 2018ರ ಡಿಸೆಂಬರ್‌ನಲ್ಲಿ ಟೋಕಿಯೋದ ಕೊಮಗೊಮೆ ನಿಲ್ದಾಣದ ಬಳಿ ನಸುಕಿನಲ್ಲಿ ದಾಟುತ್ತಿದ್ದ ದೃಷ್ಟಿದೋಷವುಳ್ಳವರೊಬ್ಬರು ಕಾರಿಗೆ ಸಿಕ್ಕಿ ಸತ್ತರು. ಆ ಹೊತ್ತಿನಲ್ಲಿ ಸದ್ದನ್ನು ನಿಲ್ಲಿಸಲಾಗಿತ್ತು. ಸುತ್ತಲಿನ ಗದ್ದಲವನ್ನು ಅಳೆದು, ಅದಕ್ಕಿಂತ ಐದು ಡೆಸಿಬಲ್ ಮಾತ್ರ ಮೇಲೆ ಕೂಗುವ ಯಂತ್ರಗಳಿವೆ. ರಾತ್ರಿ ತಾವೇ ದನಿ ತಗ್ಗಿಸುತ್ತವೆ, ಬಾಯಿ ಮುಚ್ಚುವುದಿಲ್ಲ.

ಬೆಂಗಳೂರಿಗೆ ಇವನ್ನೆಲ್ಲ ತಂದರೂ ‘ಫ್ರೀ ಲೆಫ್ಟ್’ ಇರುವ ಸರ್ಕಲ್ಲುಗಳಲ್ಲಿ ಪ್ರಯೋಜನ ಅರ್ಧ ಮಾತ್ರ. ಬಜರ್ ದಾಟಿರಿ ಎನ್ನುವಾಗಲೂ ಎಡಕ್ಕೆ ತಿರುಗುವ ವಾಹನಗಳು ನಿಲ್ಲುವುದಿಲ್ಲ. ಬ್ಯಾಟರಿ ಸ್ಕೂಟರಾದರೆ ಬಂದದ್ದೂ ಕೇಳಿಸದು. ಅಂಥ ಕಡೆ ಬಜರ್ ಹಾಕುವ ಮುಂಚೆ ಎಡ ತಿರುವಿಗೂ ಕೆಂಪು ದೀಪ ಹಾಕಬೇಕು.