ಗ್ರ್ಯಾಂಡ್ ಕ್ಯಾನಿಯನ್ ಲಾಡ್ಜ್ ಸುಟ್ಟ ಮೇಲೆ, ನಮ್ಮ ಗಿರಿಯ ಬಂಗಲೆಗಳು

ನಮಸ್ಕಾರ, ಚಿಕ್ಕಮಗಳೂರಿನಿಂದ ಮಾತಾಡುತ್ತಿದ್ದೇನೆ. ಇವತ್ತು ಅಮೆರಿಕದ ಒಂದು ಕಟ್ಟಡದ ವಿಷಯ. ನಮಗ್ಯಾಕೆ ಅದರ ಉಸಾಬರಿ ಅಂತೀರಾ? ಸ್ವಲ್ಪ ಕೇಳಿ.

ಅರಿಜೋನಾದ ಗ್ರ್ಯಾಂಡ್ ಕ್ಯಾನಿಯನ್ ಗೊತ್ತಲ್ವಾ, ಆ ದೊಡ್ಡ ಕಮರಿ. ಜನ ಮುಗಿಬೀಳುವುದು ಅದರ ದಕ್ಷಿಣದ ಅಂಚಿಗೆ. ಉತ್ತರದ ಅಂಚು ಹಕ್ಕಿಗಾದರೆ ಸುಮಾರು 16 ಕಿಲೋಮೀಟರ್, ಕಾರಿಗೆ 300ಕ್ಕೂ ಜಾಸ್ತಿ. ಅಷ್ಟು ಸುತ್ತಿ ಬಂದವರಿಗೆ ಅಲ್ಲಿ ಕಲ್ಲು, ಮರದ ಒಂದು ಲಾಡ್ಜ್ ಇತ್ತು. ಒಳಗೆ ಕಾಲಿಟ್ಟು ಕೆಲವು ಮೆಟ್ಟಿಲು ಇಳಿದರೆ ದೊಡ್ಡ ದೊಡ್ಡ ಗಾಜಿನ ಕಿಟಕಿ. ಅದರಾಚೆ ಕಮರಿ, ಅಷ್ಟೇ.

2025ರ ಜುಲೈ 4ರಂದು ಸಿಡಿಲು ಬಡಿದು ಕಾಡಿಗೆ ಬೆಂಕಿ ಹತ್ತಿತು. ಡ್ರ್ಯಾಗನ್ ಬ್ರಾವೊ ಅಂತ ಅದಕ್ಕೆ ಹೆಸರು. ಮೊದಲು ಪೂರ್ತಿ ಆರಿಸಲು ಹೋಗಲಿಲ್ಲ. ಗಡಿ ದಾಟದಂತೆ ನೋಡಿಕೊಂಡು ಉರಿಯಲು ಬಿಟ್ಟರು. ವಾರ ಕಳೆಯಿತು, ಗಾಳಿ ಎದ್ದಿತು. ಜುಲೈ 12ರ ರಾತ್ರಿ ಕಳೆಯುವಷ್ಟರಲ್ಲಿ ಲಾಡ್ಜ್ ಹೋಯಿತು, ಸುತ್ತಲಿನ ಹತ್ತಾರು ಕಟ್ಟಡಗಳೂ ಹೋದವು. ಪ್ರವಾಸಿಗರನ್ನು ಮೊದಲೇ ಹೊರಗೆ ಕಳಿಸಿದ್ದರು, ಪುಣ್ಯ.

ಬಿಟ್ಟಿದ್ದೇ ತಪ್ಪು ಅಂತ ತುಂಬಾ ಜನ ಬೈದರು. ಅಲ್ಲಿನ ಗವರ್ನರ್ ಕೇಟಿ ಹಾಬ್ಸ್ ತನಿಖೆಯಾಗಲಿ ಅಂದರು. ನಾನು ಪೂರ್ತಿ ಬೈಯಲಾರೆ. ಅಲ್ಲಿರುವ ಪಾಂಡರೋಸ ಪೈನ್ ಮರಗಳ ಕಾಡಿಗೆ ಆಗಾಗ ನೆಲಮಟ್ಟದ ಸಣ್ಣ ಬೆಂಕಿ ಬೇಕು. ಕಂಡ ಕಂಡ ಬೆಂಕಿಯನ್ನೆಲ್ಲ ದಶಕಗಳ ಕಾಲ ಆರಿಸಿದ್ದಕ್ಕೇ ಅಮೆರಿಕದ ಎಷ್ಟೋ ಕಾಡುಗಳಲ್ಲಿ ಒಣ ಸೌದೆ ರಾಶಿ ಬಿದ್ದಿದೆ. ಆದರೆ ಮಳೆ ಇನ್ನೂ ಹಿಡಿದಿಲ್ಲ, ಪಕ್ಕದಲ್ಲಿ ಹಳೇ ಮರದ ಕಟ್ಟಡವಿದೆ, ಆಗಲೂ ಅದೇ ಲೆಕ್ಕವಾ? ಕಾಡು ಮತ್ತೆ ಚಿಗುರುತ್ತದೆ ಅನ್ನುವ ಧೈರ್ಯವನ್ನು ಕಟ್ಟಡಕ್ಕೂ ಹಚ್ಚಿದ್ದು ನನಗೆ ಒಪ್ಪಿಗೆಯಿಲ್ಲ.

ಮತ್ತೆ ಕಟ್ಟಿದರಾಯ್ತು ಅನ್ನುವವರಿದ್ದಾರೆ. ನಿಜ, ಒಮ್ಮೆ ಕಟ್ಟಿದ್ದಾರೆ ಕೂಡ. 1928ರಲ್ಲಿ ಮುಗಿದ ಮೊದಲ ಲಾಡ್ಜ್ 1932ರಲ್ಲಿ ಅಡುಗೆಮನೆಯ ಬೆಂಕಿಗೆ ಹೋಗಿತ್ತು. ಉಳಿದ ಕಲ್ಲಿನ ಮೇಲೇ 1937ರ ಹೊತ್ತಿಗೆ ಎರಡನೆಯದು ಎದ್ದಿತು, ಮೇಲಂತಸ್ತು, ಗೋಪುರ ಎರಡನ್ನೂ ಕೈಬಿಟ್ಟು. ಈ ಸಲವೂ ಕಲ್ಲಿನ ಗೋಡೆಗಳು ಕೆಲವು ನಿಂತಿವೆ. ಕಟ್ಟಲಿ. ಸುಡದ ಚಾವಣಿ ಹಾಕಲಿ, ಅಂದ ಕೆಟ್ಟಿತು ಅಂತ ಗೊಣಗುವವರು ಗೊಣಗಲಿ.

ಈಗ ನಮ್ಮ ಕಡೆ ಬನ್ನಿ. ಫೆಬ್ರವರಿ ಬಂದರೆ ಮುಳ್ಳಯ್ಯನಗಿರಿ ಸುತ್ತಿನ ಹುಲ್ಲು ಒಣಗಿ ನಿಲ್ಲುತ್ತದೆ. ಇಲ್ಲಿ ಸಿಡಿಲಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಬೀಡಿ ತುಂಡು, ಹೊಸ ಹುಲ್ಲು ಬರಲಿ ಅಂತ ಇಟ್ಟ ಬೆಂಕಿ, ಹಳೇ ದ್ವೇಷ. ಹುಲ್ಲು ಮಳೆ ಬಿದ್ದರೆ ಬರುತ್ತದೆ, ಅಂಚಿನ ಶೋಲಾ, ಅಂದರೆ ಗಿರಿಯ ಕಣಿವೆಗಳಲ್ಲಿನ ನಿತ್ಯಹಸಿರು ಕಾಡಿನ ಮರ, ಅಷ್ಟು ಸುಲಭಕ್ಕೆ ಬರುವುದಿಲ್ಲ. ಹಾಗಾಗಿ ‘ಉರಿಯಲು ಬಿಡಿ’ ಅನ್ನುವ ಪಾಠ ನಮಗೆ ಬೇಡವೇ ಬೇಡ. ಕಡಿದಾದ ಜಾಗಕ್ಕೆ ನೀರಿನ ಗಾಡಿ ಹತ್ತುವುದಿಲ್ಲ. ಫೈರ್ ವಾಚರ್‌ಗಳು ಹಸಿ ಸೊಪ್ಪಿನ ಕೊಂಬೆ ಮುರಿದು, ಹೊಗೆಯೊಳಗೇ ನಿಂತು ಬಡಿದು ಬಡಿದು ಆರಿಸುತ್ತಾರೆ. ಆ ಕೂಲಿಗೆ ಆ ಕೆಲಸ, ದೇವರೇ!

ಆ ಹೊತ್ತಿನಲ್ಲಿ ಬಂಗಲೆ ಕಾಯಲು ಯಾರಿಗೆ ಪುರುಸೊತ್ತು? ಗಿರಿಯ ಸುತ್ತ ಹಳೇ ಬಂಗಲೆಗಳಿವೆ, ಕೆಮ್ಮಣ್ಣುಗುಂಡಿಯಲ್ಲಿ ಮಹಾರಾಜರ ಕಾಲದ ರಾಜಭವನವಿದೆ. ಹಂಚಿನ ಮಾಡು ಅಂದರೆ ಭದ್ರ ಅಂದುಕೊಳ್ಳುತ್ತೇವೆ. ಹಂಚು ಸುಡುವುದಿಲ್ಲ, ಸರಿ. ಹಂಚಿನ ಸಂದಿಯಲ್ಲಿ ತರಗೆಲೆ, ಮಳೆನೀರು ಹರಿಯುವ ದಂಬೆಯಲ್ಲಿ ತರಗೆಲೆ, ಕೆಳಗೆ ಹಂಚು ಹೊರುವ ಒಣಗಿದ ಮರದ ರೀಪು, ಪಕಾಸು. ಜ್ವಾಲೆ ಅಂಗಳಕ್ಕೆ ಬರಬೇಕಾಗಿಯೇ ಇಲ್ಲ. ಗಾಳಿಯಲ್ಲಿ ಹಾರಿ ಬಂದ ಒಂದು ಕಿಡಿ ಅಲ್ಲಿ ಕೂತರೆ ಸಾಕು.

ಜನವರಿಯಲ್ಲಿ ಬೆಂಕಿ ದಾಟದಂತೆ ಕಾಡಿನಲ್ಲಿ ಬೆಂಕಿ ರೇಖೆ ಸವರುವಾಗ ಬಂಗಲೆಯ ಸುತ್ತಲೂ ಸವರಿ, ಏಣಿ ಹಾಕಿ ಮಾಡು ಗುಡಿಸಿ. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಾ? ನೀವು ಈ ಸಲ ಗಿರಿ ಕಡೆ ಹೋಗಿ ಅಂಥ ಬಂಗಲೆಯಲ್ಲಿ ಉಳಿದರೆ, ಅಲ್ಲಿನ ಮೇಟಿಯನ್ನು, ಅಂದರೆ ಬಂಗಲೆ ನೋಡಿಕೊಳ್ಳುವವರನ್ನು, ಸುಮ್ನೆ ಒಂದು ಮಾತು ಕೇಳಿ: ‘ಅಣ್ಣ, ದಂಬೆ ಗುಡಿಸಿದ್ದು ಯಾವಾಗ?’ ಅವರು ಏನಂದರು ಅಂತ ನನಗೂ ತಿಳಿಸಿ.