ದೊಡ್ಡ ಟಯರ್ ಹಾಕೋ ಮೊದಲು ಪಿನಿಯನ್ ಹಲ್ಲು ಎಣಿಸಿ

ಈ ಸದ್ದು ಕೇಳಿಸಿತಾ? ಇನ್ನೊಂದು ಸಲ ಹಾಕುತ್ತೇನೆ, ಕೇಳಿ. ನನ್ನ ಫೋರ್ ವೀಲ್ ಡ್ರೈವ್ ಪಿಕಪ್‌ನ ಹಿಂದಿನ ಹೌಸಿಂಗ್, ಅಂದರೆ ಆಕ್ಸಲಿನ ಕಬ್ಬಿಣದ ಕವಚ, ನೆಲಕ್ಕೆ ಉಜ್ಜುವ ಸದ್ದು ಇದು. ಹೋದ ವರ್ಷ ಮಳೆಗಾಲದಲ್ಲಿ ತೆಗೆದ ವಿಡಿಯೊ. ಹೊಸನಗರ ತಾಲ್ಲೂಕು, ನಿಟ್ಟೂರು ಕಡೆಯ ನಮ್ಮ ತೋಟದ ದಾರಿ.

ದಾರಿ ಹೇಗಿದೆ ನೋಡಿ. ಎರಡು ಕಡೆ ಗಾಲಿಯ ಜಾಡು ಆಳಕ್ಕೆ ಇಳಿದಿದೆ. ನಡುವೆ ಜಂಬಿಟ್ಟಿಗೆಯ ದಿಬ್ಬ, ಅದರ ಮೇಲೆ ಹುಲ್ಲು. ಹುಲ್ಲು ಮೆತ್ತಗೆ ಕಾಣುತ್ತದೆ, ಕೆಳಗೆ ಕಲ್ಲು. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ 200 ಲೀಟರ್ ಡ್ರಮ್ಮು, ಮೈಲುತುತ್ತು, ಸುಣ್ಣ, ಪಂಪು, ಮೂರು ಜನ, ಎಲ್ಲಾ ಇದೇ ದಾರಿಯಲ್ಲಿ ಹೋಗಬೇಕು. ಬೇರೆ ದಾರಿ ಇಲ್ಲ.

ಗಾಡಿಯನ್ನು ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೊದಲಿನವರು ಎರಡು ಇಂಚು ಲಿಫ್ಟ್ ಮಾಡಿಸಿದ್ದರು. ಅಷ್ಟು ಎತ್ತರ ಇದ್ದರೂ ಯಾಕೆ ತಾಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ನನಗೂ ಮೊದಲು ಅರ್ಥ ಆಗಿರಲಿಲ್ಲ. ಒಂದು ದಿನ ಗಾಡಿ ಅಡಿಗೆ ಮಲಗಿ ನೋಡಿದೆ. ಹಿಂದಿನ ಆಕ್ಸಲ್ ಹೌಸಿಂಗ್ ಎರಡು ಚಕ್ರಗಳ ನಡುವೆ ಅಡ್ಡ ದಿಮ್ಮಿಯ ಹಾಗೆ ಕೂತಿದೆ. ಅದರ ಮೇಲೆ ಸ್ಪ್ರಿಂಗ್ ಪ್ಲೇಟು, ಅದರ ಮೇಲೆ ಚಾಸಿ. ಲಿಫ್ಟ್ ಅಂದರೆ ಪ್ಲೇಟಿನಿಂದ ಮೇಲಿನದ್ದು ಮಾತ್ರ ಏರುತ್ತದೆ. ಹೌಸಿಂಗ್ ಎಲ್ಲಿತ್ತೋ ಅಲ್ಲೇ ಇರುತ್ತದೆ. ಅದನ್ನು ಏರಿಸೋದು ಟಯರ್ ಒಂದೇ.

ಅದೂ ಅರ್ಧ ಲೆಕ್ಕ. ಟಯರಿನ ಎತ್ತರ ಎಷ್ಟು ಹೆಚ್ಚುತ್ತದೋ ಅದರ ಅರ್ಧ ಮಾತ್ರ ಹೌಸಿಂಗಿಗೆ ಸಿಗುತ್ತದೆ. ಇನ್ನರ್ಧ ಆಕ್ಸಲಿನ ಮೇಲಕ್ಕೆ, ಮಡ್‌ಗಾರ್ಡ್ ಕಡೆಗೆ ಹೋಗುತ್ತದೆ.

ಈಗ ಟಯರಿನ ಪಕ್ಕದಲ್ಲಿ ಬರೆದಿರುವುದನ್ನು ಓದೋಣ. ನನ್ನದು 245/70 ಆರ್16. 245 ಅಂದರೆ ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಆ ಅಗಲದಲ್ಲಿ ನೂರಕ್ಕೆ 70 ಪಾಲು ಪಕ್ಕದ ಗೋಡೆಯ ಎತ್ತರ. 16 ರಿಮ್ಮಿನ ಇಂಚು. ಗೋಡೆ ಮೇಲೊಂದು ಕೆಳಗೊಂದು, ನಡುವೆ ರಿಮ್ಮು. ಕೂಡಿಸಿದರೆ 749 ಮಿಲಿಮೀಟರ್ ಎತ್ತರ. ಇದೇ ರಿಮ್ಮಿಗೆ 265/70 ಹಾಕಿದರೆ 777. 265/75 ಹಾಕಿದರೆ 804. 285/75 ಹಾಕಿದರೆ 834, ಅಂದರೆ ಹತ್ತಿರ ಹತ್ತಿರ 33 ಇಂಚು. ಹೌಸಿಂಗ್ ಏರೋದು ಕ್ರಮವಾಗಿ 14, 27, 42 ಮಿಲಿಮೀಟರ್.

42 ನೋಡಿ ಆಸೆ ಆಯಿತು. ತೀರ್ಥಹಳ್ಳಿಯಲ್ಲಿ ಭಾವನ ಹತ್ತಿರ 285/75ರ ಒಂದು ಸೆಟ್ ರಿಮ್ಮಿನ ಸಮೇತ ಇತ್ತು. ಬೋಲ್ಟಿನ ಲೆಕ್ಕ ಒಂದೇ. ಹದಿನೈದು ದಿನಕ್ಕೆ ತಂದು ಹಾಕಿದೆ. ತೋಟದ ದಿಬ್ಬ ಎಲ್ಲೂ ತಾಗಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತಿತ್ತು, ಅಷ್ಟೇ. ಅದನ್ನು ಹೇಗೋ ಸರಿ ಮಾಡಬಹುದು ಅಂದುಕೊಂಡೆ.

ಆಮೇಲೆ ಕುಂದಾಪುರಕ್ಕೆ ಹೋದೆ. ಕೊಟ್ಟಿಗೆ ಮಾಡಿಗೆ 300 ಹಂಚು, ಜೊತೆಗೆ ನಾಲ್ಕು ಚೀಲ ಚಿಪ್ಪು ಸುಣ್ಣ ತುಂಬಿಕೊಂಡು ಹೊಸಂಗಡಿ ದಾಟಿ ಹುಲಿಕಲ್ ಘಾಟಿ ಹತ್ತಿದೆ. ಮೊದಲು ಇಷ್ಟೇ ಲೋಡಿಗೆ ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ಕಡೆಯೆಲ್ಲ ಗಾಡಿ ಉಸಿರು ಕಟ್ಟಿದ ಹಾಗೆ ಮಾಡಿತು. ಎರಡಕ್ಕೆ ಇಳಿಸಿದರೆ ಎಂಜಿನ್ ಕೂಗುತ್ತದೆ, ಮೂರಕ್ಕೆ ಹಾಕಿದರೆ ನಡುಗುತ್ತದೆ. ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ನಿಲ್ಲಿಸಿದೆ. ಮತ್ತೆ ಹೊರಡೋದಕ್ಕೆ ಮೊದಲ ಗೇರಿನಲ್ಲೂ ಹಾಫ್ ಕ್ಲಚ್ಚಿನಲ್ಲೇ ಎಳೆಯಬೇಕಾಯಿತು. ಕ್ಲಚ್ ಪ್ಲೇಟ್ ಸುಡುವ ವಾಸನೆ ಕ್ಯಾಬಿನ್ ಒಳಗೆ ತುಂಬಿತು. ಮೇಲೆ ಚಂಡಿಕಾಂಬೆ ಗುಡಿ ಹತ್ತಿರ ಗಾಡಿ ನಿಲ್ಲಿಸಿ, ಬಾನೆಟ್ ತೆಗೆದು ಅರ್ಧ ಗಂಟೆ ಕೂತೆ. ಆ ವಾಸನೆ ನನಗೆ ಇನ್ನೂ ನೆನಪಿದೆ.

ಊರಿಗೆ ಬಂದ ಮೇಲೆ ಕೊಡಚಾದ್ರಿಗೆ ಜೀಪು ಓಡಿಸಿ ಅನುಭವ ಇರುವ ಹಿರಿಯರೊಬ್ಬರು ಗಾಡಿ ನೋಡಿದರು. ಸುತ್ತ ಒಂದು ಸಲ ನಡೆದರು. ಬಗ್ಗಿ ಹೌಸಿಂಗ್ ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು: “ಟಯರ್ ದೊಡ್ಡದು ಮಾಡಿದಿರಿ, ಸರಿ. ಪಿನಿಯನ್ ಏನು ಮಾಡಿದಿರಿ ಮಾರಾಯ್ರೆ?”

ಈ ವಿಡಿಯೊ ಮಾಡಿದ್ದೇ ಆ ಪ್ರಶ್ನೆಯಿಂದ. ಪಿನಿಯನ್ ಅಂದರೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟಿನ ತುದಿಯ ಸಣ್ಣ ಹಲ್ಲುಚಕ್ರ. ಹೌಸಿಂಗ್ ಒಳಗೆ ಅದು ಕ್ರೌನ್ ಅನ್ನೋ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಅದರಿಂದ ಗಾಡಿಯ ಚಕ್ರ ತಿರುಗುತ್ತದೆ.

ಕೊಡಚಾದ್ರಿಯ ಹಳೇ ಜೀಪುಗಳನ್ನು ನೋಡಿದ್ದೀರಲ್ಲ. 1,343 ಮೀಟರ್ ಎತ್ತರದ ಬೆಟ್ಟದ ಆ ಕೆಸರು ದಾರಿಯಲ್ಲಿ ಜನರನ್ನು ತುಂಬಿಕೊಂಡು ಹತ್ತುತ್ತವೆ. ಟಯರ್ ಏನೂ ದೊಡ್ಡದಲ್ಲ. ಇವುಗಳ ಮೂಲವಾದ ಹಳೇ ವಿಲ್ಲಿಸ್ ಜೀಪಿನ ಟಯರ್ 6.00-16, ಮೂವತ್ತು ಇಂಚೂ ಇಲ್ಲ. ಬಲ ಇರೋದು ಆಕ್ಸಲ್ ಒಳಗೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಆಕ್ಸಲ್ ರೇಷಿಯೊ 4.88. ಅದನ್ನೇ 1945ರಲ್ಲಿ ಹೊಲದ ಕೆಲಸಕ್ಕೆ ಅಂತ ಸಿಜೆ-2ಎ ಅನ್ನೋ ಮಾದರಿ ಮಾಡಿ ತಂದಾಗ 5.38 ಮಾಡಿದರು. ಅಂದರೆ ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗೂ ಜಾಸ್ತಿ ತಿರುಗಿದಾಗ ಚಕ್ರ ಒಂದು ಸುತ್ತು. ನನ್ನ ಗಾಡಿಯ ಗೇರ್‌ಬಾಕ್ಸ್ ಬೇರೆ, ಎಂಜಿನ್ ಬೇರೆ, ಹಾಗಾಗಿ ಅಂಕಿಗೆ ಅಂಕಿ ಇಟ್ಟು ಹೋಲಿಸೋಕೆ ಆಗಲ್ಲ. ಆದರೆ ರೈತರ ಕೈಗೆ ಕೊಡುವಾಗ ವಿಲ್ಲಿಸ್ ಕಂಪನಿಯವರು ಟಯರ್ ದೊಡ್ಡದು ಮಾಡಲಿಲ್ಲ, ಪಿನಿಯನ್ ಬದಲಾಯಿಸಿದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನನ್ನ ಗಾಡಿಯದು ಎಷ್ಟು ಅಂತ ಹೇಗೆ ನೋಡೋದು? ಅಂಗಳದಲ್ಲೇ ನೋಡಬಹುದು. ಸಮ ನೆಲ ಬೇಕು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಇಟ್ಟೆ. ಗೇರ್ ನ್ಯೂಟ್ರಲ್, ಟೂ ವೀಲ್, ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೇನೆ. ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಮೇಲೆ, ಆಕ್ಸಲ್ ಕೆಳಗೆ ದಪ್ಪ ಮರದ ತುಂಡು. ಇನ್ನೊಂದು ಚಕ್ರ ನೆಲದ ಮೇಲೇ ಇರಬೇಕು. ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು, ಟಯರ್ ಮೇಲೆ ಒಂದು ಗೀಟು. ಮಗಳು ಶಾಫ್ಟ್ ನೋಡುತ್ತಾಳೆ, ನಾನು ಟಯರ್ ತಿರುಗಿಸುತ್ತೇನೆ. ಟಯರ್ ಎರಡು ಸುತ್ತು ತಿರುಗಿಸಬೇಕು. ಒಂದು ಚಕ್ರ ನಿಂತಿರುವಾಗ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ ಒಳಗೆ ಕ್ರೌನ್ ಒಂದೇ ಸುತ್ತು ಹೋಗುತ್ತದೆ, ಅದಕ್ಕೆ ಎರಡು. ಲಾಕರ್, ಅಂದರೆ ಎರಡೂ ಚಕ್ರವನ್ನು ಒಟ್ಟಿಗೆ ಕಟ್ಟುವ ಬೀಗ, ಇಲ್ಲದ ಸಾದಾ ಡಿಫರೆನ್ಷಿಯಲ್ಲಿಗೆ ಈ ಲೆಕ್ಕ. “ನಾಲ್ಕು ಸುತ್ತು ಅಪ್ಪಾ, ಆಮೇಲೆ ಇಷ್ಟೇ ಇಷ್ಟು,” ಅಂತ ಬೆರಳಲ್ಲಿ ತೋರಿಸುತ್ತಿದ್ದಾಳೆ ನೋಡಿ. ಆ ಇಷ್ಟೇ ಇಷ್ಟು ಅನ್ನೋದು ಒಂದು ಸುತ್ತಿನ ಹತ್ತನೇ ಒಂದು ಪಾಲು. 4.1. ಕ್ರೌನಿನಲ್ಲಿ 41 ಹಲ್ಲು, ಪಿನಿಯನ್ನಿನಲ್ಲಿ 10. ಹೌಸಿಂಗ್ ಬಿಚ್ಚಿದಾಗ ಎಣಿಸಿ ನೋಡಿದೆ, ಸರಿಯಾಗಿತ್ತು.

ಈಗ ಹುಲಿಕಲ್‌ನಲ್ಲಿ ಏನಾಯಿತು ಅಂತ ಗೊತ್ತಾಗುತ್ತದೆ. ಹಳೇ ಟಯರಿನ ಎತ್ತರವನ್ನು ಹೊಸ ಟಯರಿನ ಎತ್ತರದಿಂದ ಭಾಗಿಸಿ, 4.1ರಿಂದ ಗುಣಿಸಿ. 285 ಹಾಕಿದಾಗ ನನ್ನ 4.1 ಹೆಚ್ಚು ಕಡಿಮೆ 3.7 ಆದ ಹಾಗೆ. ಚಕ್ರದ ಎಳೆತ ನೂರಕ್ಕೆ ಹತ್ತು ಪಾಲು ಹೋಯಿತು. ಟಯರಿನ ತೂಕ ಜಾಸ್ತಿ ಆಗಿದ್ದು ಬೇರೆ.

ಫೋರ್ ವೀಲಿನ ಲೋ ಗೇರ್ ಇದೆಯಲ್ಲ ಅಂತ ಕೇಳಬಹುದು. ತೋಟದ ಏರಿಗೆ ಖಂಡಿತ ಇದೆ, ಅಲ್ಲಿ ನೆಲ ಸಡಿಲ. ಘಾಟಿಯ ಟಾರ್ ಮೇಲೆ ಫೋರ್ ವೀಲ್ ಲೋ ಹಾಕಿ ತಿರುವು ಹತ್ತುವ ಹಾಗಿಲ್ಲ. ಮುಂದಿನ ಚಕ್ರ, ಹಿಂದಿನ ಚಕ್ರ ತಿರುವಿನಲ್ಲಿ ಬೇರೆ ಬೇರೆ ದೂರ ಓಡುತ್ತವೆ. ನನ್ನಂಥ ಗಾಡಿಯಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ. ಟಾರ್ ಮೇಲೆ ಟಯರ್ ಜಾರೋದಿಲ್ಲ, ಆ ಎಳೆದಾಟ ಶಾಫ್ಟು ಮತ್ತು ಗೇರುಗಳ ಮೇಲೆ ಬೀಳುತ್ತದೆ. ನಮ್ಮ ಕಡೆ ಕೆಲಸ ಅಂದರೆ ಅರ್ಧ ತೋಟ, ಅರ್ಧ ಘಾಟಿ. ಘಾಟಿಗೆ ಆಕ್ಸಲ್ ರೇಷಿಯೊ ಒಂದೇ ಗತಿ.

ಇಳಿಯೋದರ ಬಗ್ಗೆ ಯಾರೂ ಮಾತಾಡೋದಿಲ್ಲ, ನನಗೆ ಅದೇ ಜಾಸ್ತಿ ಭಯ. ಆಗುಂಬೆಯ 14 ತಿರುವು ಇಳಿಯುವಾಗ ನಾವು ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಯುತ್ತೇವೆ. ದೊಡ್ಡ ಟಯರ್ ಹಾಕಿದರೆ ಆ ಹಿಡಿತವೂ ಅಷ್ಟೇ ಪಾಲು ಕಡಿಮೆ. ಕಾಲು ಬ್ರೇಕಿಗೆ ಹೋಗುತ್ತದೆ. ಬ್ರೇಕು ಮಾತ್ರ ಹಳೇ ಅಳತೆಯದ್ದೇ, ಈಗ ಇನ್ನೂ ದೊಡ್ಡ ಚಕ್ರವನ್ನು ಹಿಡಿದು ನಿಲ್ಲಿಸಬೇಕು. ಮಳೆ, ಮಂಜು, ಲೋಡು. ನನಗೆ 285 ಬೇಡ ಅಂತ ತೀರ್ಮಾನ ಆಗಿದ್ದು ಇಲ್ಲೇ.

ಕಾನೂನಿನ ವಿಷಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಲಿಫ್ಟು, ಟಯರು ಎರಡೂ ಇದರ ಕೆಳಗೆ ಬರಬಹುದು. ನಾನು ಗಾಡಿ ಬಿಚ್ಚುವ ಮೊದಲೇ ಆರ್‌ಟಿಓ ಕಚೇರಿಗೂ ಇನ್ಶೂರೆನ್ಸ್‌ನವರ ಹತ್ತಿರಕ್ಕೂ ಹೋಗಿ ಮಾತಾಡಿ ಬಂದೆ. ನೀವೂ ದುಡ್ಡು ಕೊಡೋ ಮೊದಲು ಹೋಗಿ ಬನ್ನಿ.

ಕೊನೆಗೆ ಉಳಿದದ್ದು 265/70 ಅಥವಾ 265/75. ಘಾಟಿ ಜಾಸ್ತಿ ಹತ್ತದೆ, ಶಿವಮೊಗ್ಗ–ಸಾಗರ ಓಡಾಟ, ಆಗೊಮ್ಮೆ ಈಗೊಮ್ಮೆ ತೋಟ ಅನ್ನುವವರಿಗೆ 265/70 ಸಾಕು. ಆಕ್ಸಲ್ ಬಿಚ್ಚುವ ಕೆಲಸವೇ ಇಲ್ಲ. 4.1 ಇದ್ದದ್ದು 3.95 ಆದ ಹಾಗೆ ಆಗುತ್ತದೆ, ಅದನ್ನು ಸಹಿಸಬಹುದು. ನನಗೆ 14 ಮಿಲಿಮೀಟರ್ ಸಾಲದು. ದಿಬ್ಬ ಅಳೆದು ನೋಡಿದ್ದೇನೆ, 20 ಆದರೂ ಬೇಕು. ಹಾಗಾಗಿ 265/75, ಜೊತೆಗೆ ಪಿನಿಯನ್ ಬದಲಾವಣೆ. 804ಕ್ಕೆ ಸರಿಯಾಗಿ ಬೇಕಾದದ್ದು 4.4. ನನ್ನ ಆಕ್ಸಲಿಗೆ ಹೊಂದುವ ಜೋಡಿ ಸಿಕ್ಕಿದ್ದು 43ಕ್ಕೆ 10, ಅಂದರೆ 4.3. ಟಯರ್ ಸೇರಿಸಿ ಲೆಕ್ಕ ಹಾಕಿದರೆ 4.01. ಮೊದಲಿನ 4.1ಕ್ಕೆ ತೀರಾ ಹತ್ತಿರ. ಇನ್ನೂ ದೊಡ್ಡ ರೇಷಿಯೊ ಹುಡುಕಲಿಲ್ಲ. ಕ್ರೌನಿನ ಅಳತೆ ಅಷ್ಟೇ ಇಟ್ಟು ರೇಷಿಯೊ ಏರಿಸುತ್ತಾ ಹೋದರೆ ಪಿನಿಯನ್ ಸಣ್ಣದಾಗುತ್ತಾ ಹೋಗುತ್ತದೆ. ಸಣ್ಣ ಪಿನಿಯನ್ನಿಗೆ ತಾಕತ್ತು ಕಡಿಮೆ.

ಟಯರಿನ ಹೂವಿನ, ಅಂದರೆ ಮೇಲಿನ ಕೆತ್ತನೆಯ ಬಗ್ಗೆ ಎರಡು ಮಾತು. ಮಡ್ ಟಯರ್ ನೋಡೋಕೆ ಗಟ್ಟಿ. ಆದರೆ ದೊಡ್ಡ ದೊಡ್ಡ ರಬ್ಬರ್ ಉಬ್ಬು ಇರುವ ಟಯರ್ ಒದ್ದೆ ಟಾರ್ ಮೇಲೆ ಕಡಿಮೆ ಹಿಡಿಯುತ್ತದೆ. ನಮ್ಮಲ್ಲಿ ಆರು ತಿಂಗಳು ಟಾರ್ ಒದ್ದೆ. ನಾನು ಟಾರಿಗೂ ಕೆಸರಿಗೂ ಆಗುವ ಆಲ್ ಟೆರೇನ್ ಹಾಕಿದೆ. ಲೋಡ್ ಇಂಡೆಕ್ಸ್ ತಪ್ಪದೇ ನೋಡಿ. 112 ಅಂತ ಇದ್ದರೆ ಒಂದು ಟಯರ್ 1,120 ಕಿಲೋ ಹೊರುತ್ತದೆ, 116 ಇದ್ದರೆ 1,250. ಪಕ್ಕದಲ್ಲೇ ನಾಲ್ಕು ಅಂಕಿಯ ತಯಾರಿ ದಿನಾಂಕ ಇರುತ್ತದೆ. 2324 ಅಂದರೆ 2024ರ 23ನೇ ವಾರ. ಹಳೇ ಸ್ಟಾಕ್ ತಗೋಬೇಡಿ. ಸ್ಟೆಪ್ನಿಯೂ ಅದೇ ಅಳತೆಯದ್ದು ಬೇಕು.

ಈಗ ಶಿವಮೊಗ್ಗ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್. ನಾಲ್ಕು ದಿನದ ಕೆಲಸ. ಫೋರ್ ವೀಲ್ ಗಾಡಿಯಲ್ಲಿ ಹಿಂದಿನದ್ದು ಮಾತ್ರ ಬದಲಾಯಿಸಿ ಮುಂದಿನದ್ದು ಬಿಡುವ ಹಾಗಿಲ್ಲ. ಎರಡೂ ಕಡೆ ಒಂದೇ ರೇಷಿಯೊ ಇರಲೇಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಒಂದು ಆಕ್ಸಲ್ ಇನ್ನೊಂದನ್ನು ಎಳೆಯುತ್ತದೆ. ಹಾಗಾಗಿ ಖರ್ಚೂ ಡಬಲ್. ಎರಡು ಕ್ವಿಂಟಾಲ್ ಅಡಿಕೆಯ ದುಡ್ಡು ಹೋಯಿತು.

ಇಲ್ಲಿ ನೋಡಿ, ಇದನ್ನು ತೋರಿಸಲೇಬೇಕು ಅಂತ ಕ್ಯಾಮೆರಾ ಹತ್ತಿರ ಹಿಡಿದೆ. ಮೇಸ್ತ್ರಿ ಕ್ರೌನ್ ಹಲ್ಲುಗಳಿಗೆ ಹಳದಿ ಪೇಸ್ಟ್ ಬ್ರಷ್‌ನಲ್ಲಿ ಹಚ್ಚುತ್ತಾರೆ. ಪಿನಿಯನ್ ತಿರುಗಿಸುತ್ತಾರೆ. ಹಲ್ಲಿಗೆ ಹಲ್ಲು ತಾಗಿದ ಕಡೆ ಪೇಸ್ಟ್ ಒರೆಸಿ ಹೋಗಿ ಒಂದು ಗುರುತು ಬೀಳುತ್ತದೆ. ಮೊದಲ ಸಲ ಗುರುತು ಹಲ್ಲಿನ ತುದಿಗೆ ಬಿತ್ತು. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಪಿನಿಯನ್ ಹೊರಗೆ ತೆಗೆದು, ಕಾಗದದಷ್ಟು ತೆಳ್ಳಗಿನ ಇನ್ನೊಂದು ಶಿಮ್, ಅಂದರೆ ತಗಡಿನ ಬಿಲ್ಲೆ, ಇಟ್ಟು ಮತ್ತೆ ಕೂರಿಸಿದರು. ಮತ್ತೆ ಪೇಸ್ಟ್. ಮೂರನೇ ಸಲಕ್ಕೆ ಗುರುತು ಹಲ್ಲಿನ ನಟ್ಟ ನಡುವೆ, ಅಕ್ಕಿ ಕಾಳಿನ ಆಕಾರದಲ್ಲಿ ಬಂತು. ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಸಡಿಲ ನೋಡಿದರು. 0.17 ಮಿಲಿಮೀಟರ್. “ಇನ್ನು ಇದು ಕೂಗೋದಿಲ್ಲ,” ಅಂದರು. ಈ ಕೆಲಸವನ್ನು ಗೇಜ್ ಇಲ್ಲದೆ, ಅಂದಾಜಿನ ಮೇಲೆ ಮಾಡುವವರ ಹತ್ತಿರ ದಯವಿಟ್ಟು ಕೊಡಬೇಡಿ.

ಮೊದಲ 800 ಕಿಲೋಮೀಟರ್ ಲೋಡ್ ಹಾಕಲಿಲ್ಲ. ಮೊದಲ ದಿನ ಅರ್ಧ ಗಂಟೆ ಓಡಿಸಿ ಪೂರ್ತಿ ತಣ್ಣಗಾಗಲು ಬಿಟ್ಟೆ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಬಿಸಿ ಜಾಸ್ತಿ. ಆಮೇಲೆ ಆಯಿಲ್ ಇಳಿಸಿದೆ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದಿಯಂಥ ನುಣ್ಣನೆ ಪುಡಿ ಅಂಟಿತ್ತು, ಚೂರುಗಳು ಇರಲಿಲ್ಲ. ಹೊಸ 80ಡಬ್ಲ್ಯೂ-90 ಗೇರ್ ಆಯಿಲ್ ತುಂಬಿದೆ. ನನ್ನ ಗಾಡಿಯಲ್ಲಿ ಮೀಟರಿಗೆ ಲೆಕ್ಕ ಹೋಗೋದು ಗೇರ್‌ಬಾಕ್ಸ್ ಕಡೆಯಿಂದ. ಹಾಗಾಗಿ ಪಿನಿಯನ್ ಬದಲಾದ ಮೇಲೆ ಮೀಟರ್ ನೂರಕ್ಕೆ ಸುಮಾರು ಎರಡು ಪಾಲು ಮಾತ್ರ ಕಡಿಮೆ ತೋರಿಸುತ್ತದೆ. ಚಕ್ರದ ಸೆನ್ಸರಿನಿಂದ ಲೆಕ್ಕ ತಗೊಳ್ಳುವ ಗಾಡಿಯಾದರೆ ನೂರಕ್ಕೆ ಏಳು ಪಾಲು ಕಡಿಮೆ ತೋರಿಸುತ್ತದೆ. ಅಂಥ ಗಾಡಿ ಇರುವವರು ಮೀಟರ್ ನಂಬಿ ವೇಗ ಏರಿಸಬೇಡಿ.

ಇದು ಹೋದ ವಾರದ ವಿಡಿಯೊ. ಅದೇ ಹುಲಿಕಲ್. ಹಿಂದೆ 300 ಹಂಚು, ಈ ಸಲ ಮನೆಯ ಹಿಂದಿನ ಮಾಡಿಗೆ. ಅದೇ ತಿರುವಿನಲ್ಲಿ ಬೇಕಂತಲೇ ನಿಲ್ಲಿಸಿದೆ. ಮೊದಲ ಗೇರ್. ಕ್ಲಚ್ ಬಿಟ್ಟೆ. ಹೊರಟಿತು. ಎರಡು, ಮೂರು. ಮೂರರಲ್ಲೇ ಹತ್ತುತ್ತಿದೆ, ಕೇಳಿ. ಕಿಟಕಿ ತೆಗೆದಿದ್ದೇನೆ, ಒಳಗೆ ಬರುತ್ತಿರೋದು ಮಳೆಯ ವಾಸನೆ ಮಾತ್ರ.